ಹ್ಯಾಟಿ ಟೀಚರ್ ಸತ್ತ ವಾರ

ಬೆಥೆಲ್ ಫೋರ್ಕ್, ಜಾರ್ಜಿಯಾ
ಗುರುವಾರ, ಅಕ್ಟೋಬರ್ ೧೨

ಪ್ರೀತಿಯ ಮಗ ಲಾನಿ,

ಹೇಗಿದ್ದೀಯ ಮಗಾ? ಕೆಮ್ಮು ಕಡಿಮೆಯಾಯಿತೇ? ಸೋಮವಾರ ಫೋನಿನಲ್ಲಿ ಮಾತಾಡುವಾಗ ನೀನು ನಡುನಡುವೆ ಕೆಮ್ಮುತ್ತಿದ್ದೆ. ನಿನ್ನಮ್ಮನಿಗೆ ಕೇಳಿಸದಿರಲೆಂದು ಫೋನನ್ನು ದೂರ ಹಿಡಿದದ್ದೂ ನನಗೆ ಗೊತ್ತಾಯಿತು. ಜೈಲಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡ, ನೀನು ಚಿಕ್ಕಂದಿನಿಂದಲೂ ಸ್ವಲ್ಪ ವಾಸಿಯಾದ ಕೂಡಲೇ ಔಷಧಿ ಬಿಡುವವನು. ಕಳೆದ ಚಳಿಗಾಲದಲ್ಲಿ ಕಳಿಸಿದ ಉಣ್ಣೆಯ ಕಾಲುಚೀಲಗಳು ಇನ್ನೂ ನಿನ್ನ ಬಳಿಯೇ ಇವೆಯೋ, ಯಾರಾದರೂ ಎತ್ತಿಕೊಂಡರೋ, ಬರೆ. ನನಗೆ ಸೊಂಟನೋವು ಬಿಟ್ಟರೆ ಬೇರೇನಿಲ್ಲ. ಅಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದ್ದಕ್ಕೆ ಪಿಂಚಣಿಯ ಜೊತೆಗೆ ಸಿಕ್ಕಿದ್ದು ಅದು. ನಮ್ಮ ನಾಯಿ ಗ್ರೇವಿಗೆ ವಯಸ್ಸಾಗಿ ಒಂದು ಕಣ್ಣು ಮಂಜಾಗಿದೆ. ಆದರೂ ಅಂಚೆಯವನ ಗಾಡಿ ಬಂದರೆ ಬೊಗಳುವುದನ್ನು ಬಿಟ್ಟಿಲ್ಲ. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಅಧಿಕಾರಿಗೂ ನನ್ನ ನಮಸ್ಕಾರ. ಅಕ್ಷರ ಎಂದಿಗಿಂತ ಕೆಟ್ಟದಾಗಿದ್ದರೆ ಅವರು ಬೇಸರ ಮಾಡಿಕೊಳ್ಳಬಾರದು. ಗಾಡಿ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಕಾಗದ ಒತ್ತಿಕೊಂಡು ಬರೆಯುತ್ತಿದ್ದೇನೆ. ಎಲ್ಲಿ ನಿಲ್ಲಿಸಿಕೊಂಡಿದ್ದೇನೆ ಎಂಬುದನ್ನು ಮುಂದೆ ಹೇಳುತ್ತೇನೆ.

ಭಾನುವಾರ ಇಲ್ಲಿ ಏನಾಯಿತೆಂದು ನೀನು ಕೇಳಿದ್ದೆ. ‘ಕೊನೆಯ ಕೌಂಟಿ’ ಧಾರಾವಾಹಿಯ ಹೊಸ ಸೀಸನ್ ಶುರುವಾಗುವ ದಿನ ನಮ್ಮೂರು ಹೇಗಿರುತ್ತದೆ ಎಂದು ನಿನಗೆ ಗೊತ್ತು. ನೀನು ಒಳಗೆ ಹೋದಮೇಲೆ ಆ ಹುಚ್ಚು ಇನ್ನೂ ಏರಿದೆ. ಶೂಟಿಂಗ್ ಇಲ್ಲೇ ನಡೆಯುತ್ತದಲ್ಲ, ಹಾಗಾಗಿ ಮೊದಲ ಕಂತನ್ನೂ ಇಲ್ಲೇ ಕೂತು ನೋಡಬೇಕೆಂದು ಟೆನೆಸಿಯಿಂದ, ಒಹಾಯೊದಿಂದ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಟ್ವೈಲಾ ತನ್ನ ಹೋಟೆಲಿನ ಪಕ್ಕದ ಗೋಡೆಗೆ ದೊಡ್ಡ ಬಿಳಿ ಪರದೆ ಕಟ್ಟಿಸಿ, ರಸ್ತೆಗೆ ಕುರ್ಚಿ ಹಾಕಿಸಿದ್ದಳು. ಒಂದು ಕಡೆ ಕಡಲೆಕಾಯಿ ಬೇಯುತ್ತಿತ್ತು, ಇನ್ನೊಂದು ಕಡೆ ಕೂಲಿಗೆ ಕರೆಸಿದ ಹುಡುಗಿಯರು ಬಂದವರ ಮುಖಕ್ಕೆ ಬೂದಿ ಬಣ್ಣ ಬಳಿದು, ತುಟಿಯ ಪಕ್ಕ ಕೆಂಪು ಪಾಕ ಇಳಿಸಿ, ಸತ್ತವರನ್ನಾಗಿ ಮಾಡಿ ಕಳಿಸುತ್ತಿದ್ದರು. ಧಾರಾವಾಹಿಯಲ್ಲಿ ಅವರನ್ನು ‘ಎದ್ದವರು’ ಎನ್ನುತ್ತಾರಲ್ಲ, ಸತ್ತು ಎದ್ದು ಓಡಾಡುವವರು, ಆ ವೇಷದವರೇ ಊರ ತುಂಬ. ಉಳಿದ ಅರ್ಧ ಜನ ಹ್ಯಾಟಿ ಟೀಚರ ಹಾಗೆ ಹೂವಿನ ಏಪ್ರನ್ ಕಟ್ಟಿಕೊಂಡು, ಜೇಬಿನಲ್ಲಿ ಪ್ಲಾಸ್ಟಿಕ್ ಸುತ್ತಿಗೆ ಸಿಕ್ಕಿಸಿಕೊಂಡಿದ್ದರು. ಗಡ್ಡ ಬಿಟ್ಟ ಗಂಡಸರು ಕೂಡ. ಆರು ಸೀಸನ್ನು ಶಾಲೆಯ ಮಕ್ಕಳನ್ನು ಕಾಪಾಡಿಕೊಂಡು ಬಂದ ಆ ಟೀಚರನ್ನು ಜನ ತಮ್ಮ ಮನೆಯವಳೆಂದೇ ತಿಳಿದಿದ್ದರು.

ಹೋಗುವುದು ಬೇಡವೆಂದು ನಿನ್ನಮ್ಮನಿಗೆ ಹೇಳಿದೆ. ಮನೆಯಲ್ಲೇ ನೋಡೋಣ, ರಾತ್ರಿ ತಣ್ಣಗಿರುತ್ತದೆ ಎಂದೆ. ಕೇಳಬೇಕಲ್ಲ. "ಇಷ್ಟು ವರ್ಷ ಹಿಂದಿನ ಸಾಲಲ್ಲಿ ನಿಂತ್ಕೊಂಡು ಗೊರ ಗೊರ ಅಂದಿದೀನಿ ಹಾಯ್ಟ್. ನನ್ನ ಮೊಣಕೈ ಒಂದ್ಸಲ ಕಾಣ್ತು, ಬೆನ್ನು ಎರಡು ಸಲ ಕಾಣ್ತು. ಈ ಸಲ ಮುಖ ಬರತ್ತೆ. ನಾನು ಮನೇಲಿ ಕೂತ್ಕೊಳ್ಳಾ?" ಎಂದಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿಕೊಂಡಿದ್ದವಳು, ಮೊದಲ ಸೀಸನ್ನಿಗೆ ಊರಿನವರನ್ನು ಕರೆದಾಗ ತಮಾಷೆಗೆ ಹೋಗಿ ‘ಎದ್ದವರ’ ಸಾಲಿನಲ್ಲಿ ನಿಂತವಳು, ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ ಎಂಬುದು ನಿನಗೆ ಗೊತ್ತಿರುವುದೇ. ಗಾಡಿಯಿಂದ ಇಳಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಅವಳ ಅಮ್ಮ ಹೊಲಿದ ಆ ಹಳೆಯ ರಜಾಯಿಯನ್ನು ಕುತ್ತಿಗೆಯವರೆಗೆ ಹೊದಿಸಿದೆ. ತಲೆಗೆ ಟೋಪಿ. ಅಕ್ಕಪಕ್ಕದವರು ಯಾರೋ ಅಜ್ಜಿ ಎಂದುಕೊಂಡರು.

ನೀನು ನೋಡಿದ್ದನ್ನೇ ನಾವೂ ನೋಡಿದೆವು, ಆದರೆ ಆ ಜನದ ಮಧ್ಯೆ ಕೂತು ನೋಡುವುದೇ ಬೇರೆ. ಮಕ್ಕಳಿಗೆ ಹಾಲಿನ ಡಬ್ಬಿ ಹುಡುಕಿಕೊಂಡು ಹ್ಯಾಟಿ ಚರ್ಚಿನ ಹಿಂದಿನ ಉಗ್ರಾಣಕ್ಕೆ ಹೋಗುತ್ತಾಳಲ್ಲ, ಆಗಲೇ ಜನ "ಬೇಡ ಟೀಚರ್, ಒಳಗೆ ಹೋಗ್ಬೇಡ" ಎಂದು ಕೂಗಲು ಶುರುಮಾಡಿದರು. ಕಪಾಟಿನ ಹಿಂದಿನಿಂದ ನಿನ್ನಮ್ಮ ಬಂದಳು. ಪರದೆಯ ತುಂಬ ಅವಳ ಮುಖ, ಗೋಡೆಯಷ್ಟು ದೊಡ್ಡದು. ಹ್ಯಾಟಿ ಸುತ್ತಿಗೆ ಎತ್ತಿದಳು. ಎಷ್ಟು ಜನರ ತಲೆ ಒಡೆದ ಸುತ್ತಿಗೆ ಅದು. ಎತ್ತಿದವಳು ಆ ಮುಖ ನೋಡಿ ಒಂದು ಗಳಿಗೆ ತಡೆದಳು, ಕೈ ಇಳಿಸಿದಳು. ಅಷ್ಟೇ ಸಾಕಾಯಿತು. ನಿನ್ನಮ್ಮ ಅವಳನ್ನು ಕಚ್ಚಿದ್ದನ್ನು ತೋರಿಸಿದರು. ಆಮೇಲೆ ಹಿಂದಿನಿಂದ ಒಬ್ಬಳು ಕಿರುಚಿದಳು ನೋಡು, ಕಟ್ಟೆ ಒಡೆದ ಹಾಗಾಯಿತು. ಕುರ್ಚಿಗಳು ಉರುಳಿದವು. ಆನೆಯಂಥ ಒಬ್ಬ ಮನುಷ್ಯ ಪಾದಚಾರಿ ಕಟ್ಟೆಯ ಮೇಲೆ ಕೂತು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಯಾರೋ "ಸಾಯ್ಸ್ರೋ ಆ ಮುದುಕೀನ" ಎಂದು ಪರದೆಯತ್ತ ಲೋಟ ಎಸೆದ. "ಅವಳು ಆಗ್ಲೇ ಸತ್ತಿದಾಳೆ ಕಣೋ ಪೆದ್ದ" ಎಂದು ಇನ್ನೊಬ್ಬ ಹೇಳಿದ. ಅಷ್ಟು ದುಃಖದಲ್ಲೂ ಸುತ್ತಲಿನವರು ನಕ್ಕರು. ನಿನ್ನಮ್ಮನೂ ನಕ್ಕಳು. ನಕ್ಕು ನಕ್ಕು ರಜಾಯಿಯೊಳಗೆ ಮುದುಡಿಕೊಂಡಳು. ಅದು ನಗುವೋ ನೋವೋ ಎಂದು ನನಗೆ ತಕ್ಷಣ ತಿಳಿಯಲಿಲ್ಲ.

ಕೊನೆಯಲ್ಲಿ ಟ್ವೈಲಾ ಮೈಕ್ ಹಿಡಿದು "ಹ್ಯಾಟಿ ಟೀಚರನ್ನ ಕಚ್ಚಿ ಸಾಯ್ಸಿದೋರು ಇಲ್ಲೇ ಮುಂದಿನ ಸಾಲಲ್ಲಿ ಬೆಚ್ಚಗೆ ಹೊದ್ಕೊಂಡು ಕೂತಿದಾರೆ ಕಣ್ರಪ್ಪಾ. ನಮ್ಮ ನಡೀನಕ್ಕ" ಎಂದುಬಿಟ್ಟಳು. ಇನ್ನು ಗಲಾಟೆಯಾಗುತ್ತದೆ ಎಂದು ನಾನು ಎದ್ದು ನಿಂತೆ. ಆದರೆ ಜನ ಎದ್ದು ಚಪ್ಪಾಳೆ ತಟ್ಟಿದರು, ಮಗಾ. ಅಳುತ್ತಲೇ ತಟ್ಟಿದರು. ನಿನ್ನಮ್ಮ ರಜಾಯಿಯಿಂದ ಕೈ ಹೊರಗೆ ತೆಗೆದು ರಾಣಿಯ ಹಾಗೆ ಬೀಸಿದಳು. ಮದುವೆಯ ದಿನ ಕೂಡ ಅವಳ ಮುಖದಲ್ಲಿ ಅಷ್ಟು ಸಂತೋಷ ನೋಡಿದ ನೆನಪಿಲ್ಲ ನನಗೆ.

ಸೋಮವಾರ ನೀನು ಫೋನು ಮಾಡಿದೆ. ಅದರಲ್ಲಿ ಎಲ್ಲವನ್ನೂ ನೀನೇ ಹೇಳಿದ್ದೀಯ, ಆದರೂ ನಾನು ಈ ಕಡೆಯಿಂದ ಕಂಡದ್ದನ್ನು ನಿನಗೆ ಹೇಳಬೇಕು. ನಿಮ್ಮ ಹಾಲ್‌ನಲ್ಲಿ ಗಟ್ಟಿಮುಟ್ಟಾದ ಗಂಡಸರೆಲ್ಲ ಹ್ಯಾಟಿಗಾಗಿ ಅತ್ತದ್ದು, ಕಾವಲಿನವನು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡದ್ದು, ನೀನು ಎದ್ದು "ಅದು ನಮ್ಮಮ್ಮ" ಎಂದಾಗ ಯಾರೂ ನಂಬದೆ ಬೈದದ್ದು, ಆಮೇಲೆ ಹೆಸರುಗಳ ಪಟ್ಟಿಯಲ್ಲಿ ನಡೀನ್ ಪ್ರುವಿಟ್ ಎಂದು ಓಡಿಹೋದದ್ದನ್ನು ಕಂಡು ನಿನ್ನನ್ನು ಎತ್ತಿ ಕುಣಿಸಿದ್ದು, ಇದನ್ನೆಲ್ಲ ಕೇಳುತ್ತ ಅವಳು ಅಡುಗೆಮನೆಯ ಮೇಜಿಗೆ ಒರಗಿ ನಿಂತಿದ್ದಳು. ಆಗ ನೀನು ಅಂದೆ, "ಎಂಥಾ ಮೇಕಪ್ ಅಮ್ಮಾ ಅದು. ಮೊದ್ಲು ನೀನು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಎಡಗೈನ ಎದೆ ಹತ್ರ ಮಡಚ್ಕೊಂಡೆ ನೋಡು, ಆಗ್ಲೇ ಗೊತ್ತಾಗಿದ್ದು" ಎಂದು. ಅವಳು ನಗುತ್ತಲೇ ಇದ್ದಳು. ಸಮಯ ಮುಗಿಯಿತೆಂದು ಆ ಯಂತ್ರದ ಹೆಂಗಸು ಹೇಳುವವರೆಗೂ ನಗುತ್ತಲೇ ಇದ್ದಳು. ಫೋನಿಟ್ಟು ಬಚ್ಚಲಮನೆಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದರೆ ಕನ್ನಡಿಯ ಮುಂದೆ ನಿಂತಿದ್ದಳು. "ಅವನಿಗೂ ಗೊತ್ತಾಗ್ಲಿಲ್ಲ ಹಾಯ್ಟ್" ಎಂದಳು.

ಲಾನಿ, ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ. ನೀನು ಕೂತಿದ್ದರೆ ಹಾಗೆಯೇ ಕೂತಿರು. ಅದು ಮೇಕಪ್ ಆಗಿರಲಿಲ್ಲ.

ಪೂರ್ತಿ ಆಗಿರಲಿಲ್ಲ ಎನ್ನಬೇಕು. ಒಂದಿಷ್ಟು ಬಣ್ಣ ಇತ್ತು, ಹಲ್ಲಿಗೆ ಕಪ್ಪು ಹಚ್ಚಿದ್ದರು. ಉಳಿದದ್ದು ಅವಳದೇ ಮುಖ. ಆ ದೃಶ್ಯ ತೆಗೆದದ್ದು ಮೇ ತಿಂಗಳಲ್ಲಿ. ಹಿಂದೆಲ್ಲ ಬೆಳಕು ಹರಿಯುವ ಮುಂಚೆ ಕೂರಿಸಿದರೆ ತಿಂಡಿಯ ಹೊತ್ತಿನವರೆಗೂ ಮುಖಕ್ಕೆ ರಬ್ಬರ್ ಅಂಟಿಸುತ್ತಿದ್ದರು. ಈ ಸಲ "ಕಾಫಿ ಆರೋಷ್ಟರಲ್ಲಿ ಎಬ್ಬಿಸ್ಬಿಟ್ರು" ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿದಳು. ನಿರ್ದೇಶಕ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಇಷ್ಟು ವರ್ಷ ಈ ಮುಖಾನ ಹಿಂದಿನ ಸಾಲಲ್ಲಿ ಯಾಕೆ ನಿಲ್ಸಿದ್ರಿ" ಎಂದು ತನ್ನ ಹುಡುಗರನ್ನು ಗದರಿದನಂತೆ. ಅವಳು ಸಣ್ಣಗಾಗಿದ್ದು ಸಿಹಿ ಟೀ ಬಿಟ್ಟಿದ್ದರಿಂದ ಎಂದು ನಾವಿಬ್ಬರೂ ತಿಳಿದಿದ್ದೆವು. ಹಳೆಯ ಬಟ್ಟೆಗಳನ್ನು ಒಳಗೆ ಹಿಡಿದು ಹೊಲಿದುಕೊಂಡು, ಕನ್ನಡಿಯ ಮುಂದೆ ತಿರುಗಿ ತಿರುಗಿ ತೋರಿಸಿದ್ದಳು. ಆ ಸಂಜೆ ಪೆಕನ್ ಬೀಜದ ಸಿಹಿ ಪೈ ಮಾಡಿದೆವು. ಅವಳು ಎರಡು ತುತ್ತು ತಿಂದು ಸಾಕು ಎಂದಾಗ ನಾನೇ ಮೆಚ್ಚಿಕೊಂಡೆ, ನಾಲಿಗೆಯ ಮೇಲೆ ಎಂಥ ಹಿಡಿತ ನಿನಗೆ ಎಂದು.

ಆಗಸ್ಟಿನಲ್ಲಿ ಕಣ್ಣು ಹಳದಿಯಾಯಿತು. ಹೊಟ್ಟೆಯ ಹಿಂದೆ ಒಂದು ಗ್ರಂಥಿ ಇರುತ್ತದಂತೆ, ಅದರ ಹೆಸರು ಬರೆಯಲು ನನಗೆ ಬಾರದು. ಅದರಲ್ಲಿ ಕ್ಯಾನ್ಸರ್. ಅಲ್ಲಿಂದ ಲಿವರಿಗೂ ಹೋಗಿದೆ. ಔಷಧಿ ಏರಿಸಿ ನೋಡಿದರು. ಅದು ಅವಳನ್ನು ಕಾಯಿಲೆಗಿಂತ ಹೆಚ್ಚು ನರಳಿಸಿತು. ಸಾಕು ಎಂದು ಅವಳೇ ನಿಲ್ಲಿಸಿದಳು. ಮೊಣಕಾಲು ನೋವು, ಅಷ್ಟು ದೂರ ಗಾಡಿಯಲ್ಲಿ ಕೂರಲು ಆಗುವುದಿಲ್ಲ, ಅದಕ್ಕೇ ನಿನ್ನನ್ನು ನೋಡಲು ಬರುತ್ತಿಲ್ಲ ಎಂದು ನಿನಗೆ ಹೇಳಿಕೊಂಡು ಬಂದೆವಲ್ಲ, ಅವಳ ಮೊಣಕಾಲಿಗೆ ಏನೂ ಆಗಿಲ್ಲ. "ಅವನು ಅಲ್ಲಿ ಗೋಡೆ ನೋಡ್ಕೊಂಡು ಕೂತಿರೋನು. ಇದನ್ನ ಹೇಳಿದ್ರೆ ಯಾರ ಹತ್ರ ಹೋಗಿ ಅಳ್ತಾನೆ? ಹೇಳ್ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹಾಗೆಂದೇ ಸುಮ್ಮನಿದ್ದೆ. ಈ ವಾರ ಕಂಡದ್ದನ್ನೆಲ್ಲ ಕಂಡಮೇಲೆ ನನಗೆ ಆ ಮಾತು ಉಳಿಸಿಕೊಳ್ಳಲು ಆಗುತ್ತಿಲ್ಲ.

ಭಾನುವಾರ ಮುಗಿದರೆ ಆ ಗದ್ದಲ ಮುಗಿಯಿತು ಎಂದುಕೊಂಡಿದ್ದೆ. ಮಂಗಳವಾರ ಟ್ವೈಲಾ ಒಂದು ಪಾತ್ರೆ ಮೆಕರೋನಿ ಬೇಯಿಸಿಕೊಂಡು ಬಂದಳು. ಮಂಚದ ಪಕ್ಕ ಕೂತು ತನ್ನ ಫೋನಿನಲ್ಲಿ ಜನ ಬರೆದದ್ದನ್ನೆಲ್ಲ ಓದಿ ಹೇಳಿದಳು. ಊರಲ್ಲಿ ಅವಳೊಬ್ಬಳಿಗೆ ಕಾಯಿಲೆಯ ವಿಷಯ ಗೊತ್ತು. ಅದಕ್ಕೇ ನಗಿಸಲೆಂದು ಬಂದಿದ್ದಳು. ಇಂಟರ್ನೆಟ್ಟಿನ ತುಂಬ ನಿನ್ನಮ್ಮನ ಮುಖವಂತೆ. ‘ಸೋಮವಾರ ಬೆಳಗ್ಗೆ ನಾನು’ ಎಂದು ಅದರ ಕೆಳಗೆ ಬರೆದು ಹಂಚಿದ್ದಾರೆ. ಅದಕ್ಕೆ ಅವಳು ನಕ್ಕಳು. ಒಬ್ಬನು ಕಥೆ ಬರೆದವರನ್ನು ಬೈದಿದ್ದ, ಹ್ಯಾಟಿಯಂಥವಳು ಸುತ್ತಿಗೆ ಇಳಿಸುವುದುಂಟೇ, ಬರೆಯುವವರಿಗೆ ಬುದ್ಧಿ ಕೆಟ್ಟಿದೆ ಎಂದು. ಅದರ ಕೆಳಗೆ ನೂರಾರು ಜನರ ಜಗಳ. ಇನ್ನೊಬ್ಬಳು, ನಾನು ಇನ್ನು ಈ ಧಾರಾವಾಹಿ ನೋಡುವುದಿಲ್ಲ, ನನ್ನ ಮನೆಯಲ್ಲಿ ಒಲೆ ಹಚ್ಚಿಲ್ಲ ಎಂದು ಬರೆದಿದ್ದಳು. ಮತ್ತೆ ಮತ್ತೆ ಬರುತ್ತಿದ್ದುದು ಮಾತ್ರ ಮೇಕಪ್ಪಿನ ಮಾತು. ಈ ಸಲದ ಪ್ರಶಸ್ತಿ ಇವರಿಗೇ ಕೊಡಬೇಕು. ಬದುಕಿರುವವರ ಚರ್ಮ ಹೀಗಿರುವುದಿಲ್ಲ, ಎಷ್ಟು ಅಧ್ಯಯನ ಮಾಡಿದ್ದಾರೆ ನೋಡಿ. ಕಣ್ಣು ಹೇಗೆ ಒಳಗೆ ಹೋಗಿದೆ, ಅದು ಕಂಪ್ಯೂಟರಿನಲ್ಲಿ ಮಾಡಿದ್ದಿರಬೇಕು. ಟ್ವೈಲಾ ಓದುತ್ತ ಓದುತ್ತ ತಾನೇ ನಿಲ್ಲಿಸಿದಳು, ಮುಂದೆ ಏನು ಬರುತ್ತದೋ ಎಂದು ಹೆದರಿ. "ಓದೇ, ನಿಲ್ಲಿಸ್ಬೇಡ. ಇಷ್ಟು ಹೊಗಳಿಕೆ ನಂಗೆ ಯಾವಾಗ ಸಿಕ್ಕಿತ್ತು" ಎಂದು ನಿನ್ನಮ್ಮನೇ ಒತ್ತಾಯ ಮಾಡಿದಳು.

ಒಂದು ಮಾತ್ರ ಅವಳು ಮೂರು ಸಲ ಓದಿಸಿಕೊಂಡಳು. ಯಾರೋ ಹೆಸರಿಲ್ಲದವರು ಬರೆದದ್ದು. ಎಲ್ಲರೂ ಹ್ಯಾಟಿಗಾಗಿ ಅಳುತ್ತಿದ್ದೀರಿ, ನನಗೆ ಆ ಮುದುಕಿಯನ್ನು ಮರೆಯಲಾಗುತ್ತಿಲ್ಲ, ಅವಳಿಗೆ ಕಚ್ಚುವ ಮನಸ್ಸಿರಲಿಲ್ಲ, ಅವಳು ಯಾರನ್ನೋ ಹುಡುಕುತ್ತಿದ್ದಳು ಎಂದು. ಮೂರನೆಯ ಸಲ ಕೇಳಿ ನಿನ್ನಮ್ಮ ಕಣ್ಣು ಮುಚ್ಚಿಕೊಂಡಳು. 

ಟ್ವೈಲಾ ಹೊರಡುವಾಗ ಇನ್ನೊಂದು ತೋರಿಸಿದಳು. ಹ್ಯಾಟಿಯನ್ನು ಸಾಯಿಸಬಾರದು, ಹೇಗಾದರೂ ಮಾಡಿ ವಾಪಸ್ ತರಬೇಕು ಎಂದು ಚಾನೆಲ್ಲಿನವರಿಗೆ ಮನವಿಯಂತೆ. ಲಕ್ಷಗಟ್ಟಲೆ ಜನ ಹೆಸರು ಹಾಕಿದ್ದಾರೆ. "ನೋಡಿ ಹಾಯ್ಟಣ್ಣ, ಎಂಥಾ ಹುಚ್ಚರು" ಎಂದಳು. ನಾನು ಅಂಗಳದಲ್ಲಿ ಅವಳ ಗಾಡಿಯ ಪಕ್ಕ ನಿಂತಿದ್ದೆ. ನನ್ನ ಹೆಸರೂ ಹಾಕು ಎಂದೆ. ಅವಳು ತಮಾಷೆ ಎಂದು ನನ್ನ ಮುಖ ನೋಡಿದಳು. ಆಮೇಲೆ ಹಾಕಿದಳು. ಹಾಯ್ಟ್ ಪ್ರುವಿಟ್, ಬೆಥೆಲ್ ಫೋರ್ಕ್. ಅರವತ್ತೊಂಬತ್ತು ವರ್ಷದ ಮುದುಕ, ಟೀವಿಯ ಟೀಚರು ಬದುಕಲಿ ಎಂದು ಅರ್ಜಿ ಹಾಕಿದ್ದೇನೆ. ಬೇರೆ ಯಾರಿಗೆ ಅರ್ಜಿ ಹಾಕಬೇಕೆಂದು ನನಗೆ ಗೊತ್ತಾಗಲಿಲ್ಲ. ಚರ್ಚಿನಲ್ಲಿ ಹಾಕಿ ಹಾಕಿ ಸಾಕಾಗಿದೆ.

ಚರ್ಚು ಎಂದಾಗ ನೆನಪಾಯಿತು. ಆ ಉಗ್ರಾಣದ ದೃಶ್ಯ ತೆಗೆದದ್ದು ನಮ್ಮ ಚರ್ಚಿನಲ್ಲೇ ಅಲ್ಲವೇ, ಈಗ ಅದರ ಹಿಂಬಾಗಿಲಿನ ಮೆಟ್ಟಿಲ ತುಂಬ ಹೂವು, ಮೇಣದಬತ್ತಿ, ಹಾಲಿನ ಡಬ್ಬಿಗಳ ಗುಡ್ಡೆ. ಬಂದವರೆಲ್ಲ ಒಂದೊಂದು ಡಬ್ಬಿ ಇಟ್ಟು ಹೋಗುತ್ತಾರೆ. ಮೊನ್ನೆ ಔಷಧಿ ತರುವ ದಾರಿಯಲ್ಲಿ ನಿನ್ನಮ್ಮ ಗಾಡಿ ನಿಧಾನ ಮಾಡು ಎಂದಳು. ಕಿಟಕಿ ಇಳಿಸಿ ನೋಡಿದಳು. "ಅಯ್ಯೋ, ಎಷ್ಟೊಂದು ಹೂವು. ನಂಗೆ ಇದ್ರಲ್ಲಿ ಕಾಲು ಭಾಗಾನೂ ಬರಲ್ಲ ಬಿಡು" ಎಂದಳು. ಅವಳು ತಮಾಷೆಗೇ ಅಂದದ್ದು. ನಾನು ಅವಳ ಮೇಲೆ ರೇಗಿದೆ. ಮದುವೆಯಾದಂದಿನಿಂದ ಅವಳ ಮೇಲೆ ದನಿ ಏರಿಸಿದವನಲ್ಲ, ರಸ್ತೆಯ ಮಧ್ಯೆ ಗಾಡಿ ನಿಲ್ಲಿಸಿ ರೇಗಿದೆ. ಅವಳು ನನ್ನ ಭುಜದ ಮೇಲೆ ಕೈ ಇಟ್ಟಳು. ಹಕ್ಕಿ ಕೂತಷ್ಟು ಭಾರವೂ ಇರಲಿಲ್ಲ.

ನಿನ್ನೆಯ ಮಾತು ಬರೆದು ಮುಗಿಸುತ್ತೇನೆ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗಿ, ಹೂವಿನ ಏಪ್ರನ್, ಅತ್ತು ಅತ್ತು ಊದಿದ ಕಣ್ಣು. ಹೆಸರು ಕೆಲ್ಸಿ, ಒಹಾಯೊದಿಂದ ಒಬ್ಬಳೇ ಗಾಡಿ ಓಡಿಸಿಕೊಂಡು ಬಂದಿದ್ದಳು. ಅವಳಿಗೆ ತಾಯಿ ಇಲ್ಲವಂತೆ, ಹೈಸ್ಕೂಲಿನಲ್ಲಿದ್ದಾಗಿನಿಂದ ಭಾನುವಾರ ರಾತ್ರಿ ಹ್ಯಾಟಿ ಟೀಚರನ್ನು ನೋಡಿ ಮಲಗಿದರೆ ಆ ವಾರ ನಡೆದುಹೋಗುತ್ತಿತ್ತಂತೆ. "ಟೀಚರನ್ನ ಕೊಂದೋರನ್ನ ಒಂದ್ಸಲ ನೋಡಿ ಜಗಳ ಆಡಿ ಹೋಗೋಣ ಅಂತ ಬಂದೆ ಅಂಕಲ್" ಎಂದು ಅಳುತ್ತಲೇ ನಕ್ಕಳು. ಮಲಗಿದ್ದಾಳೆ ಎಂದು ಹೇಳಿ ಕಳಿಸಿಬಿಡುತ್ತಿದ್ದೆ, ಅಷ್ಟರಲ್ಲಿ ಒಳಗಿನಿಂದ "ಯಾರು ಹಾಯ್ಟ್, ಒಳಗೆ ಕರಿ" ಎಂಬ ದನಿ ಬಂತು. ನಿನ್ನಮ್ಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು. ಹಗಲ ಬೆಳಕು ನೇರ ಮುಖಕ್ಕೆ ಬಿತ್ತು. ಹುಡುಗಿಗೆ ಎಲ್ಲಿಲ್ಲದ ಖುಷಿ. "ಅಯ್ಯೋ ಅಮ್ಮಾ, ಇನ್ನೂ ಮೇಕಪ್ ತೆಗ್ದೇ ಇಲ್ವಾ ನೀವು?" ಎಂದಳು.

ನನ್ನ ಕೈಯಲ್ಲಿ ನೀರಿನ ಲೋಟ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಿನ್ನಮ್ಮ ಮಾತ್ರ ಒಂದಿಷ್ಟೂ ಅಳುಕಲಿಲ್ಲ. "ಇದು ಹೋಗಲ್ಲ ಕಣಮ್ಮ. ಏನು ಅಂಟು ಹಾಕ್ತಾರೋ, ತಿಕ್ಕಿದ್ರೂ ಬರಲ್ಲ" ಎಂದಳು. ಹುಡುಗಿ ನಗುತ್ತ ಪಕ್ಕಕ್ಕೆ ಬಂದು, ಫೋಟೋ ತೆಗೆದುಕೊಳ್ಳಲು ಅವಳ ಭುಜದ ಸುತ್ತ ತೋಳು ಹಾಕಿದಳು. ಹಾಕಿದ ಕೈ ಹಾಗೇ ನಿಂತಿತು. ಬಟ್ಟೆಯ ಕೆಳಗೆ ಏನಿದೆ, ಏನಿಲ್ಲ ಎಂದು ಆ ಕೈಗೆ ಗೊತ್ತಾಯಿತು. ಅವಳ ನಗು ಇಳಿಯಿತು, ಎತ್ತಿದ ಫೋನೂ ಇಳಿಯಿತು. "ಅಮ್ಮಾ, ಕ್ಷಮಿಸಿ, ನಂಗೆ ಗೊತ್ತಿರ್ಲಿಲ್ಲ" ಎಂದು ಬಾಯಿಯೊಳಗೇ ಅಂದಳು. "ತೆಗಿಯೇ, ಅಷ್ಟು ದೂರದಿಂದ ಬಂದಿದೀಯ. ನಂಗೂ ನಿಂತ್ಕೊಳ್ಳೋಕೆ ಆಗ್ತಿಲ್ಲ, ಬೇಗ" ಎಂದು ನಿನ್ನಮ್ಮ ಎಡಗೈಯನ್ನು ಎದೆಯ ಹತ್ತಿರ ಮಡಚಿಕೊಂಡು, ಬಾಯಿ ತೆರೆದು, ಗಂಟಲಿನಿಂದ ಆ ಗೊರ ಗೊರ ಸದ್ದು ಮಾಡಿದಳು. ಹುಡುಗಿ ಅಳುತ್ತ ಫೋಟೋ ತೆಗೆದಳು. ನಾನು ಹಿಂದಿನ ಅಂಗಳಕ್ಕೆ ಹೋದೆ. ಅಲ್ಲಿ ಗ್ರೇವಿಯ ಪಕ್ಕ ಕೂತುಬಿಟ್ಟೆ. ವಾಪಸ್ ಬಂದಾಗ ಆ ಹುಡುಗಿ ಮಂಚದ ಪಕ್ಕ ನೆಲದ ಮೇಲೆ ಕೂತು ನಿನ್ನಮ್ಮನ ಪಾದ ಒತ್ತುತ್ತಿದ್ದಳು. ಇಬ್ಬರೂ ಹ್ಯಾಟಿ ಟೀಚರ ಹಳೆಯ ಕಂತುಗಳ ಮಾತಾಡುತ್ತಿದ್ದರು. ಆ ಫೋಟೋವನ್ನು ಅವಳು ಯಾರಿಗೂ ತೋರಿಸಿದಂತಿಲ್ಲ, ಟ್ವೈಲಾ ಹುಡುಕಿದರೂ ಎಲ್ಲೂ ಸಿಗಲಿಲ್ಲ.

ಹುಡುಗಿ ಹೋದಮೇಲೆ ನಿನ್ನಮ್ಮ, ಲಾನಿ ನನ್ನನ್ನು ಹೀಗೆ ನೋಡುವುದು ಬೇಡ ಎಂದಳು. ಟೀವಿಯಲ್ಲಿ ನೋಡಿದ್ದನ್ನು ಮೇಕಪ್ ಎಂದೇ ತಿಳಿದುಕೊಂಡಿರಲಿ, ಅವನ ಮನಸ್ಸಿನಲ್ಲಿ ಹಳೆಯ ಅಮ್ಮನೇ ಇರಲಿ ಎಂದಳು. ನಾನು ಹೂಂ ಎಂದೆ. ರಾತ್ರಿಯೆಲ್ಲ ಯೋಚಿಸಿದೆ. ಒಹಾಯೊದ ಯಾರೋ ಹುಡುಗಿ ಅವಳ ಭುಜ ಮುಟ್ಟಿ ಗೊತ್ತುಮಾಡಿಕೊಳ್ಳಬಹುದು, ಅವಳು ಹೆತ್ತ ಮಗನಿಗೆ ಗೊತ್ತಾಗಬಾರದೇ? ಇಡೀ ದೇಶ ಅವಳ ಮುಖ ನೋಡಿ ಏನೇನೋ ಅಂದಿತು. ಅದು ಯಾರ ಮುಖ ಎಂದು ಗೊತ್ತಿರುವ ನಾವು ಮೂವರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಕೂತಿದ್ದೇವೆ. ಅದಕ್ಕೇ ಬೆಳಗ್ಗೆ ಎದ್ದವನೇ ಕಾಗದ ಪೆನ್ನು ಗಾಡಿಯಲ್ಲಿಟ್ಟುಕೊಂಡೆ.

ನಾನೀಗ ಇರುವುದು ಪಕ್ಕದ ಊರಿನ ಆಸ್ಪತ್ರೆಯ ಹೊರಗೆ. ಅವಳ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಸೂಜಿ ಹಾಕಿ ತೆಗೆಯುತ್ತಾರೆ. ಆಗ ನಾನು ಒಳಗಿರುವುದು ಅವಳಿಗೆ ಇಷ್ಟವಿಲ್ಲ. ನೀರು ತೆಗೆದ ದಿನ ಸಂಜೆ ಸ್ವಲ್ಪ ಹಗುರಾಗಿರುತ್ತಾಳೆ, ಮೆತ್ತನೆಯ ಬಿಸ್ಕಟ್ ರೊಟ್ಟಿಯ ಮೇಲೆ ಚೂರು ಗೊಜ್ಜು ಹಾಕಿಕೊಂಡು ತಿನ್ನುತ್ತಾಳೆ. ಆ ಒಂದು ಸಂಜೆಗಾಗಿ ಈ ಆಸ್ಪತ್ರೆಗೆ ಬರುತ್ತೇವೆ.

ನಿನಗೆ ಧೈರ್ಯ ಹೇಳುವುದು ತಂದೆಯಾದ ನನ್ನ ಕೆಲಸ. ಆದರೆ ಹೇಳಲು ಧೈರ್ಯದ ಮಾತು ಹುಡುಕಿದರೂ ಸಿಗುತ್ತಿಲ್ಲ. ಅಲ್ಲಿ ನಿನ್ನ ಪಕ್ಕದಲ್ಲಿ ಒಳ್ಳೆಯವರು ಯಾರಾದರೂ ಇದ್ದರೆ ಈ ಕಾಗದ ಓದಿದ ಮೇಲೆ ಅವರ ಹತ್ತಿರ ಹೋಗಿ ಕೂತುಕೋ, ಒಬ್ಬನೇ ಇರಬೇಡ. ಹ್ಯಾಟಿಗಾಗಿ ಅತ್ತವರು ನಿನ್ನ ಜೊತೆಗೂ ಅತ್ತಾರು. ಟ್ವೈಲಾ ನಿನ್ನನ್ನು ಕೇಳಿದಳು ಎಂದು ಹೇಳಲು ಹೇಳಿದ್ದಾಳೆ. ಹೊಟ್ಟೆ ತುಂಬ ಊಟ ಮಾಡು. ಯಾರ ತಂಟೆಗೂ ಹೋಗಬೇಡ. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ಇಲ್ಲಿ ಇಡಲು ಅವನಿಗೆ ಬಿಡುವಾದಂತಿಲ್ಲ.

ನಿನ್ನ ಅಪ್ಪ,
ಹಾಯ್ಟ್

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರಮ್ಮ ಗಾಡಿಯ ಹತ್ತಿರವೇ ಬಂದರು. ಕ್ರಿಸ್‌ಮಸ್ ತನಕ ಎಂದುಕೊಂಡಿದ್ದೆವು. ಈ ತಿಂಗಳು ದಾಟುವುದು ಕಷ್ಟ ಎಂದರು. ನಿಮ್ಮ ಜೈಲಿನ ಪಾದ್ರಿಯವರ ಜೊತೆ ಇವತ್ತು ಬೆಳಗ್ಗೆಯೇ ಫೋನಿನಲ್ಲಿ ಮಾತಾಡಿದ್ದೇನೆ. ತಾಯಿಗಾಗಿ ನಿನ್ನನ್ನು ಹೊರಗೆ ಬಿಡುವುದು ಒಂದೇ ಸಲವಂತೆ, ಕಾವಲಿನವರ ಜೊತೆ, ಕೈಗೆ ಬೇಡಿ ಹಾಕಿ, ಒಂದು ಗಂಟೆ. ಬದುಕಿರುವಾಗ ನೋಡಲು ಬಂದರೆ ಮಣ್ಣಿಗೆ ಬಿಡುವುದಿಲ್ಲ. ಮಣ್ಣಿಗೆ ಬರುವುದಾದರೆ ಈಗ ಬಿಡುವುದಿಲ್ಲ. ಈ ಕಾಗದ ನಿನ್ನ ಕೈಗೆ ಸೇರಿಸಿಯೇ ಅವರು ನಿನ್ನನ್ನು ಕರೆದು ಯಾವುದು ಎಂದು ಕೇಳುತ್ತಾರೆ. ಮಣ್ಣಿಗೇ ಬರಲಿ, ಪೆಟ್ಟಿಗೆಯ ಮುಚ್ಚಳ ಹಾಕಿಸಿಬಿಡು ಎಂದು ನಿನ್ನಮ್ಮ ನನಗೆ ಹೇಳಿಟ್ಟಿದ್ದಾಳೆ. ಅವಳ ಮಾತು ಕೇಳಬೇಡ. ಈಗಲೇ ಬಾ ಮಗಾ. ಮಣ್ಣು ಮಾಡಲು ನಾನಿದ್ದೇನೆ.